ಕಾಲಂ ಇದ್ದರಷ್ಟೇ ಕಾಯಿಲೆಗೆ ಲೆಕ್ಕ

ಪಶ್ಚಿಮ ದೆಹಲಿಯ ಜನಕಪುರಿಯಲ್ಲಿ, ಡಿ ಬ್ಲಾಕಿನ ಎದುರಿಗಿರುವ ಸಾಂಸ್ಥಿಕ ಪ್ರದೇಶದಲ್ಲಿ, ಆಯುರ್ವೇದ, ಯುನಾನಿ ಮತ್ತು ಹೋಮಿಯೋಪಥಿ ಸಂಶೋಧನೆಯ ಕೇಂದ್ರೀಯ ಪರಿಷತ್ತುಗಳ ಪ್ರಧಾನ ಕಚೇರಿಗಳು ಒಂದೇ ಆವರಣದಲ್ಲಿವೆ. ಇವುಗಳ ಪೈಕಿ ಆಯುರ್ವೇದ ಪರಿಷತ್ತಿನ ಮುಂದಾಳತ್ವದಲ್ಲಿ ಸಿದ್ಧವಾದ ‘ನಮಸ್ತೆ’ ಪೋರ್ಟಲ್ 2017ರ ಅಕ್ಟೋಬರ್ 17ರಂದು, ಧನ್ವಂತರಿ ಜಯಂತಿಯ ದಿನ, ಲೋಕಾರ್ಪಣೆಯಾಯಿತು. ಆಯುಷ್ ಪದ್ಧತಿಗಳ ರೋಗಗಳಿಗೆ ಪ್ರಮಾಣೀಕೃತ ಹೆಸರು ಮತ್ತು ಸಂಕೇತ ಕೊಟ್ಟು, ದೇಶದ ಆಸ್ಪತ್ರೆಗಳ ಅಂಕಿಅಂಶವನ್ನು ಒಂದೆಡೆ ಕಲೆಹಾಕುವುದು ಅದರ ಕೆಲಸ. ಎಂಟು ವರ್ಷ ದಾಟಿರುವ ಈ ಹೊತ್ತಿನಲ್ಲಿ ಗಳಿಸಿದ್ದೇನು, ಉಳಿದದ್ದೇನು ಎಂದು ಕೇಳಿಕೊಳ್ಳಬೇಕಾಗಿದೆ. ಜನಕಪುರಿಯಲ್ಲಿ ತೀರ್ಮಾನವಾಗುವ ಒಂದೊಂದು ಕಾಲಮ್ಮೂ ಕರ್ನಾಟಕದ ತಾಲ್ಲೂಕು ಆಯುರ್ವೇದ ಆಸ್ಪತ್ರೆಯ ವೈದ್ಯರ ಮೇಜಿನವರೆಗೆ ಬಂದು ಮುಟ್ಟುತ್ತದೆ.

ಹಿಂದಿನ ಸ್ಥಿತಿಯನ್ನು ಮರೆಯಬಾರದು. ಮಂಡಿನೋವಿನ ರೋಗಿಯ ಹೆಸರಿನ ಮುಂದೆ ಒಬ್ಬ ವೈದ್ಯರು ಸಂಧಿವಾತ ಎಂದು ಬರೆದರೆ ಇನ್ನೊಬ್ಬರು ಸಂಧಿಗತವಾತ ಎಂದು ಬರೆಯಬಹುದಿತ್ತು, ಮತ್ತೊಬ್ಬರು ಜಾನುಶೂಲ ಎನ್ನಬಹುದಿತ್ತು. ಮೂವರೂ ಕಲಿತವರೇ, ಮೂರೂ ಒಪ್ಪುವ ಮಾತೇ. ಆದರೆ ವರ್ಷದ ಕೊನೆಗೆ ಎಣಿಸಲು ಕೂತವರಿಗೆ ಅವು ಮೂರು ಬೇರೆ ಬೇರೆ ರೋಗಗಳು. ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಫ್ರಾನ್ಸಿನ ಜಾಕ್ ಬರ್ಟಿಲಾನ್ 1893ರಲ್ಲೇ ಷಿಕಾಗೊದಲ್ಲಿ ಮಂಡಿಸಿದ್ದರು. ಅದೇ ಬೆಳೆದು ಇಂದಿನ ಐಸಿಡಿ, ಅಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಆಗಿದೆ. ಆದರೆ ಅದರ ಹತ್ತನೇ ಆವೃತ್ತಿಯವರೆಗೂ ಆಯುರ್ವೇದದ ರೋಗನಿದಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ದಾಖಲೆಯಲ್ಲಿ ಜಾಗವಿಲ್ಲದ ವೈದ್ಯಪದ್ಧತಿಯ ಬಗ್ಗೆ ಯಾರೂ ಏನನ್ನೂ ಸಾಬೀತು ಮಾಡಲಾರರು. ಅದರ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ.

ನಮಸ್ತೆ ಮಾಡಿದ ಮೊದಲ ಉಪಕಾರ ಈ ಗೊಂದಲಕ್ಕೆ ತೆರೆ ಎಳೆದದ್ದು. ಆಯುರ್ವೇದ, ಸಿದ್ಧ, ಯುನಾನಿ ಮೂರೂ ಸೇರಿ 4,500ಕ್ಕೂ ಹೆಚ್ಚು ಪದಗಳು ಅಲ್ಲಿ ಸಂಕೇತ ಪಡೆದಿವೆ. ಅದರ ಜೊತೆಗೆ ಐಸಿಡಿ ಸಂಕೇತವನ್ನೂ ದಾಖಲಿಸುವ ವ್ಯವಸ್ಥೆಯಿದೆ. ಆಯಾ ದಿನದ ರೋಗಿಗಳ ವಿವರವನ್ನು ಆಗಿಂದಾಗ್ಗೆ ತುಂಬಬಹುದು, ಇಲ್ಲವೇ ಒಟ್ಟು ಸಂಖ್ಯೆಗಳನ್ನು ಕ್ರೋಡೀಕರಿಸಿಯೂ ಕಳಿಸಬಹುದು. ಕಂಪ್ಯೂಟರ್ ಇರುವ ದೊಡ್ಡ ಆಸ್ಪತ್ರೆ, ರಿಜಿಸ್ಟರ್ ಪುಸ್ತಕವೇ ಗತಿಯಾದ ಚಿಕ್ಕ ಚಿಕಿತ್ಸಾಲಯ ಎರಡಕ್ಕೂ ಬಾಗಿಲು ತೆರೆದಿಟ್ಟದ್ದು ವಿವೇಕದ ನಿರ್ಧಾರ.

ಸರಿಯಾದ ಕಾಲಂ ಎಷ್ಟು ಮುಖ್ಯ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಕೀಲುನೋವೆಂದು ಇಬ್ಬರು ಬರುತ್ತಾರೆ. ಒಬ್ಬರದು ಸಂಧಿಗತವಾತ: ವಯಸ್ಸಿನೊಂದಿಗೆ ಸವೆದ ಕೀಲು, ಮಡಚಿದರೆ ಲಟಲಟ ಸದ್ದು. ಅವರಿಗೆ ಎಣ್ಣೆಯ ಅಭ್ಯಂಗ ಹಿತ. ಇನ್ನೊಬ್ಬರದು ಆಮವಾತ: ಬಾತ ಕೀಲು, ಬೆಳಗಿನ ಬಿಗಿತ, ಅರುಚಿ, ಮೈಭಾರ. ರೋಗನಿದಾನದ ಹಳೆಯ ಗ್ರಂಥ ಮಾಧವನಿದಾನ ಇದನ್ನು ಪ್ರತ್ಯೇಕ ಅಧ್ಯಾಯದಲ್ಲೇ ವಿವರಿಸಿದೆ. ಆಮ, ಅಂದರೆ ಜೀರ್ಣವಾಗದೆ ಉಳಿದ ಕಲ್ಮಷ, ಇರುವಷ್ಟು ಕಾಲ ಇವರಿಗೆ ಎಣ್ಣೆ ಹಚ್ಚುವಂತಿಲ್ಲ. ಲಂಘನ (ಉಪವಾಸ) ಮಾಡಿಸಿ, ಬಿಸಿ ಮರಳಿನ ಪೊಟ್ಟಣದಿಂದ ಒಣ ಶಾಖ ಕೊಡಬೇಕು. ಇಬ್ಬರನ್ನೂ ‘ಕೀಲುನೋವು’ ಎಂಬ ಒಂದೇ ಕಾಲಮ್ಮಿಗೆ ತಳ್ಳಿದರೆ, ಎಣ್ಣೆಯಿಂದ ಎಷ್ಟು ಜನಕ್ಕೆ ಗುಣವಾಯಿತು ಎಂಬ ಪ್ರಶ್ನೆಗೆ ಬರುವ ಉತ್ತರ ಇಬ್ಬರಿಗೂ ಅನ್ವಯಿಸದ ಸರಾಸರಿ. ಅಂಥ ಅಂಕಿಅಂಶ ಇಲ್ಲದಿರುವುದೇ ಮೇಲು.

ಎರಡನೇ ಘಟ್ಟ ಜಾಗತಿಕವಾದದ್ದು. 2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಸಾಂಪ್ರದಾಯಿಕ ವೈದ್ಯಕ್ಕೆಂದೇ 26ನೇ ಅಧ್ಯಾಯ ಸೇರಿತು. ಮೊದಲು ಅಲ್ಲಿದ್ದದ್ದು ಪೂರ್ವ ಏಷ್ಯಾದ ಪದ್ಧತಿಗಳು ಮಾತ್ರ. 2024ರ ಜನವರಿ 10ರಂದು ದೆಹಲಿಯಲ್ಲಿ ಅದರ ಎರಡನೇ ಮಾಡ್ಯೂಲ್ ಬಿಡುಗಡೆಯಾಗಿ ಆಯುರ್ವೇದ, ಸಿದ್ಧ, ಯುನಾನಿ ಒಳಬಂದವು. ವ್ಯಾಧಿಗಳಿಗೆ 529 ವರ್ಗಗಳು, ದೇಹಸ್ಥಿತಿಯ ವಿನ್ಯಾಸಗಳಿಗೆ 196 ಸಂಕೇತಗಳು. ಈ ಅಧ್ಯಾಯದ ಬಳಕೆ ಐಚ್ಛಿಕ. ಸಾವಿನ ಕಾರಣ ನಮೂದಿಸಲು ಇದನ್ನು ಬಳಸುವಂತಿಲ್ಲ. ಬಳಸುವಾಗಲೂ ಆಧುನಿಕ ವೈದ್ಯದ ಸಂಕೇತವೊಂದನ್ನು ಜೊತೆಗೆ ಕೊಡಲೇಬೇಕು. ಈ ಜೋಡಿ ದಾಖಲೆಯ ನಿಯಮ ಒಳ್ಳೆಯದೇ. ಆಯುರ್ವೇದದ ವೈದ್ಯರೂ ಅಲೋಪಥಿ ವೈದ್ಯರೂ ಒಬ್ಬನೇ ರೋಗಿಯ ಚೀಟಿಯನ್ನು ಓದಿ ಅರ್ಥ ಮಾಡಿಕೊಳ್ಳಲು ಅದರಿಂದ ದಾರಿಯಾಗುತ್ತದೆ.

ಉಳಿದಿರುವ ಕೆಲಸ ಇಲ್ಲಿಂದಲೇ ಶುರು. 4,500ಕ್ಕೂ ಮೀರಿದ ಪದಗಳು 529 ವರ್ಗಗಳಿಗೆ ಹೊಂದಬೇಕಾದಾಗ ಹಲವು ಸೂಕ್ಷ್ಮಗಳು ಒಂದರೊಳಗೆ ಒಂದು ಕರಗುವುದು ಅನಿವಾರ್ಯ. ಮಧುಮೇಹವೂ ಸೇರುವ ಮೂತ್ರರೋಗಗಳ ಗುಂಪಾದ ಪ್ರಮೇಹವನ್ನೇ ನೋಡಿ: ಕಫದಿಂದ 10, ಪಿತ್ತದಿಂದ 6, ವಾತದಿಂದ 4 ಎಂದು ಶಾಸ್ತ್ರ 20 ಬಗೆ ಹೇಳುತ್ತದೆ. ಯಾವುದು ಗುಣವಾಗಬಲ್ಲದು, ಯಾವುದು ಆಗದು ಎಂಬ ತೀರ್ಮಾನವೇ ಈ ವಿಂಗಡಣೆಯ ಮೇಲೆ ನಿಂತಿದೆ. ಹೊರಗಿನ ವರದಿಗೆ ದೊಡ್ಡ ವರ್ಗ ಸಾಕು. ಆದರೆ ವೈದ್ಯರು ಮೊದಲು ಬರೆದ ಸೂಕ್ಷ್ಮ ನಿದಾನ ಮೂಲ ದಾಖಲೆಯಲ್ಲಿ ಹಾಗೇ ಉಳಿಯಬೇಕು. ಪಟ್ಟಿ ಪರಿಷ್ಕರಣೆಯಾದಾಗ ಕೈಬಿಟ್ಟ ಸಂಕೇತವನ್ನು ಯಾವ ಕಾರಣಕ್ಕೂ ಬೇರೆ ರೋಗಕ್ಕೆ ಕೊಡಬಾರದು. ಕೊಟ್ಟರೆ ಹಳೆಯ ದಾಖಲೆಗಳೆಲ್ಲ ಸುಳ್ಳು ಹೇಳತೊಡಗುತ್ತವೆ.

ಇನ್ನೊಂದು ಎಚ್ಚರ ಕಡ್ಡಾಯ ಕಾಲಮ್ಮುಗಳ ವಿಷಯದಲ್ಲಿ ಬೇಕು. ಅಗ್ನಿ (ಜೀರ್ಣಶಕ್ತಿ), ಕೋಷ್ಠ (ಕರುಳಿನ ಸ್ವಭಾವ), ನಿದ್ರೆ, ಋತು, ಆಹಾರ, ಪ್ರಕೃತಿ (ದೇಹದ ಹುಟ್ಟುಗುಣ) ಇವೆಲ್ಲ ಆಯುರ್ವೇದಕ್ಕೆ ಬೇಕಾದ ವಿವರಗಳೇ. 2024ರ ನವೆಂಬರ್ 26ರಂದು ಆರಂಭವಾದ ದೇಶವ್ಯಾಪಿ ಪ್ರಕೃತಿ ಪರೀಕ್ಷಣ ಅಭಿಯಾನ ಇಂಥ ವಿವರವನ್ನು ಮೊಬೈಲ್ ಆ್ಯಪ್ ಮೂಲಕವೂ ದಾಖಲಿಸಬಹುದೆಂದು ತೋರಿಸಿದೆ. ಆದರೆ ಎಲ್ಲವನ್ನೂ ಕಡ್ಡಾಯ ಮಾಡಿದರೆ, ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಕೂತ ವೈದ್ಯರು ಪರದೆ ಮುಂದೆ ಹೋದರೆ ಸಾಕೆಂದು ಕೈಗೆ ಸಿಕ್ಕಿದ್ದನ್ನು ಒತ್ತುತ್ತಾರೆ, ಇಲ್ಲವೇ ‘ಇತರೆ’ಗೆ ಶರಣಾಗುತ್ತಾರೆ. ಖಾಲಿ ಬಿಟ್ಟ ಕಾಲಂ ಪ್ರಾಮಾಣಿಕ, ಒತ್ತಾಯಕ್ಕೆ ತುಂಬಿದ ಕಾಲಂ ಅಪಾಯಕಾರಿ. ಕಡ್ಡಾಯವಾದವು ಬೆರಳೆಣಿಕೆಯಷ್ಟಿರಲಿ. ಉಳಿದವನ್ನು ಆಯಾ ರೋಗಕ್ಕೆ, ಆಯಾ ವಿಭಾಗಕ್ಕೆ ತಕ್ಕಂತೆ ಆಸ್ಪತ್ರೆಯವರೇ ಸೇರಿಸಿಕೊಳ್ಳುವ ಸ್ವಾತಂತ್ರ್ಯವಿರಲಿ.

ಕನ್ನಡಿಗರಾಗಿ ನಾವು ಕೇಳಲೇಬೇಕಾದ ಕಾಲಂ ಒಂದಿದೆ: ರೋಗಿ ತನ್ನ ಬಾಯಲ್ಲಿ ಹೇಳಿದ ಮಾತಿಗೊಂದು ಜಾಗ, ಕನ್ನಡ ಲಿಪಿಯಲ್ಲೇ. ನಮ್ಮ ಜನ ಸರ್ಪಸುತ್ತು ಎನ್ನುತ್ತಾರೆ, ಉಬ್ಬಸ ಎನ್ನುತ್ತಾರೆ, ಸೊಂಟ ಹಿಡಿದಿದೆ, ಹೊಟ್ಟೆಯಲ್ಲಿ ವಾಯು ತುಂಬಿದೆ ಎನ್ನುತ್ತಾರೆ. ವೈದ್ಯರು ಅದನ್ನು ಕೇಳಿ ಸಂಸ್ಕೃತದ ಪದ ಆರಿಸುವ ಹೊತ್ತಿಗೆ ರೋಗಿಯ ಮಾತು ದಾಖಲೆಯಿಂದ ಹೊರಗುಳಿಯುತ್ತದೆ. ನಿದಾನ ತಪ್ಪಿತ್ತೋ ಸರಿಯಿತ್ತೋ ಎಂದು ನಾಳೆ ಪರಿಶೀಲಿಸುವವರಿಗೆ ಆ ಮಾತೇ ಮುಖ್ಯ ಸಾಕ್ಷಿ. ಹದಿನಾಲ್ಕನೇ ಶತಮಾನದಲ್ಲೇ ಮಂಗರಾಜ ವಿಷವೈದ್ಯವನ್ನು ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ವಾಗಿ ಬರೆದ ನಾಡು ಇದು. 1908ರಿಂದ ಮೈಸೂರಿನಲ್ಲಿ ಆಯುರ್ವೇದವನ್ನು ಕಾಲೇಜಿನಲ್ಲಿ ಕಲಿಸಿಕೊಂಡು ಬಂದ ನಾಡು. ಇಲ್ಲಿನ ರೋಗಿಯ ಮಾತಿಗೆ ಜಾಗ ಕೊಡುವುದು ತಾಂತ್ರಿಕವಾಗಿ ಕಷ್ಟವಲ್ಲ, ಯುನಿಕೋಡ್ ಬಂದು ದಶಕಗಳಾದವು. ಕನ್ನಡದ ಹೆಸರುಗಳನ್ನು ಸಂಕೇತಗಳಿಗೆ ಜೋಡಿಸುವ ಪಟ್ಟಿಯನ್ನು ನಮ್ಮ ಆಯುರ್ವೇದ ಕಾಲೇಜುಗಳೇ ಕೂತು ಸಿದ್ಧಪಡಿಸಿ ಜನಕಪುರಿಗೆ ಕಳಿಸಬೇಕು.

ಇದಕ್ಕೆ ಸಮಯವೂ ಕೂಡಿಬಂದಿದೆ. 2025ರ ಮೇ 24ರಂದು ಆಯುಷ್ ಸಚಿವಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಮಾಡಿಕೊಂಡ ಒಪ್ಪಂದದಂತೆ, ಪಂಚಕರ್ಮವೂ ಸೇರಿದಂತೆ ಚಿಕಿತ್ಸಾ ವಿಧಾನಗಳಿಗೂ ಅಂತರರಾಷ್ಟ್ರೀಯ ಸಂಕೇತ ಬರಲಿದೆ. ರೋಗದ ಕಾಲಮ್ಮಿನ ಪಕ್ಕದಲ್ಲಿ ಚಿಕಿತ್ಸೆಯ ಕಾಲಂ ಕೂರುತ್ತದೆ. ಆಗ ಆಮವಾತದ ರೋಗಿಗೆ ಮರಳಿನ ಶಾಖ ಕೊಟ್ಟಾಗ ಏನಾಯಿತು ಎಂದು ಸಾವಿರಾರು ದಾಖಲೆಗಳನ್ನು ಹರಡಿಕೊಂಡು ಕೇಳಬಹುದು. ಆ ಪರದೆಗಳ ವಿನ್ಯಾಸ ಅಂತಿಮಗೊಳ್ಳುವ ಮುಂಚೆ ಅದನ್ನು ರೂಪಿಸುವವರು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತು ನೋಡಲಿ. ತುಂಬುವ ವೈದ್ಯರನ್ನೇ ಕೇಳಿ ಕಾಲಂ ಇಡಲಿ, ಕಲೆಹಾಕಿದ ಫಲಿತಾಂಶವನ್ನು ಆ ವೈದ್ಯರಿಗೇ ಮರಳಿ ಕೊಡಲಿ. ತನ್ನ ರೋಗಿಗಳ ಬಗ್ಗೆ ತನಗೇ ಹೊಸದೊಂದು ತಿಳಿಯುತ್ತದೆ ಎಂದಾದರೆ ಯಾವ ವೈದ್ಯರೂ ದಾಖಲೆ ತುಂಬಲು ಬೇಸರಪಡುವುದಿಲ್ಲ.