‘ವಿಚಿತ್ರ ಕಾಯಿಲೆ’ ಅನ್ನೋ ಹೆಡ್‌ಲೈನ್ ಇನ್ನು ಸಾಕು

ಆರು ವರ್ಷದ ಹಿಂದೆ ನಾನೇ ಕಳಿಸಿದ ಸುದ್ದಿ ಇದು. ಹೆಡ್‌ಲೈನ್: ‘ವಿಚಿತ್ರ ಕಾಯಿಲೆಗೆ ತುತ್ತಾದ ಬಡ ಗೃಹಿಣಿ, ನೆರವಿಗೆ ಮೊರೆ’. ಮೂರು ಕಾಲಂ, ಮಂಚದ ಮೇಲೆ ಮಲಗಿದ ಫೋಟೊ, ಕೆಳಗೆ ಬ್ಯಾಂಕ್ ಖಾತೆ ನಂಬರ್. ಆವತ್ತು ಒಳ್ಳೆ ಕೆಲಸ ಮಾಡಿದೆ ಅಂತ ಬೀಗಿದ್ದೆ. ಈಗ ಆ ಕಟಿಂಗ್ ನೋಡಿದರೆ ನಾಚಿಕೆ ಆಗುತ್ತದೆ.

ಆಕೆಗೆ ಆಗ ಇಪ್ಪತ್ತೊಂಬತ್ತು ವರ್ಷ. ಕಾಫಿ ತೋಟದ ಕೂಲಿ. ಮೊದಲು ಒಂದು ಕಣ್ಣು ನೋವು ಬಂದು ಮಂಜಾಯಿತು. ಕ್ಯಾಂಪಿನಲ್ಲಿ ಡ್ರಾಪ್ಸ್ ಕೊಟ್ಟರು. ತಿಂಗಳಲ್ಲಿ ಅರ್ಧ ದೃಷ್ಟಿ ವಾಪಸ್ ಬಂತು, ಎಲ್ಲರೂ ಮರೆತರು. ಎಂಟು ತಿಂಗಳ ಮೇಲೆ ವಾರಗಟ್ಟಲೆ ಬಿಡದ ಬಿಕ್ಕಳಿಕೆ, ವಾಂತಿ. ‘ಗ್ಯಾಸ್ಟ್ರಿಕ್’ ಅಂದರು. ಅದೂ ಹೋಯಿತು. ಆಮೇಲೆ ಒಂದು ದಿನ ಬೆಳಿಗ್ಗೆ ಎದ್ದರೆ ಸೊಂಟದಿಂದ ಕೆಳಗೆ ಜೋಮು, ಮೂತ್ರ ಕಟ್ಟಿದೆ. ಒಂದು ಆಸ್ಪತ್ರೆಯಲ್ಲಿ ‘ವೀಕ್‌ನೆಸ್’ ಅಂತ ಗ್ಲೂಕೋಸ್ ಹಾಕಿ ಕಳಿಸಿದರು. ಊರಲ್ಲಿ ನಾಗದೋಷ ಅಂದರು. ನಾನು ಬಂದು ‘ವಿಚಿತ್ರ ಕಾಯಿಲೆ’ ಅಂದೆ.

ನಮ್ಮ ಸುದ್ದಿಯಿಂದ ಬಂದ ದುಡ್ಡು ಪೂಜೆಗೆ, ಎಣ್ಣೆ ಮಸಾಜಿಗೆ, ಬಾಡಿಗೆ ಕಾರಿಗೆ ಹೋಯಿತು. ಕೊನೆಗೆ ಯಾರೋ ಪುಣ್ಯಾತ್ಮರು ಘಟ್ಟ ಇಳಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ರಕ್ತಪರೀಕ್ಷೆ ಆಯಿತು, ಹೆಸರು ಸಿಕ್ಕಿತು: ನ್ಯೂರೋಮೈಲೈಟಿಸ್ ಆಪ್ಟಿಕಾ, ಚಿಕ್ಕದಾಗಿ ಎನ್‌ಎಂಒ. ಕಣ್ಣು, ಬಿಕ್ಕಳಿಕೆ, ಕಾಲು ಮೂರೂ ಬೇರೆ ಬೇರೆ ಕಾಯಿಲೆ ಅಲ್ಲ, ಒಂದೇ. ಅಷ್ಟರಲ್ಲಿ ಆ ಕಣ್ಣು ಪೂರ್ತಿ ಹೋಗಿತ್ತು.

ಈ ಕಾಯಿಲೆಯಲ್ಲಿ ವಿಚಿತ್ರ ಏನೂ ಇಲ್ಲ. ಫ್ರಾನ್ಸಿನ ವೈದ್ಯ ಯೂಜೀನ್ ಡೆವಿಕ್ ಇದನ್ನು 1894ರಲ್ಲೇ ವಿವರಿಸಿದ್ದರು. ಇದರ ಸೋದರನಂಥ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಅನ್ನು ಪ್ಯಾರಿಸ್‌ನ ಶಾರ್ಕೋ 1868ರಲ್ಲಿ ಗುರುತಿಸಿದ್ದರು. ವಿಚಿತ್ರ ಏನೆಂದರೆ, ನೂರು ವರ್ಷ ದಾಟಿದ ಹೆಸರು ನಮ್ಮ ತಾಲ್ಲೂಕಿಗೆ ಇನ್ನೂ ಬಂದು ಮುಟ್ಟಿಲ್ಲ.

ಕಾಯಿಲೆ ಏನು ಅಂತ ಸರಳವಾಗಿ ಹೇಳುತ್ತೇನೆ. ಪಂಪ್‌ಸೆಟ್ಟಿನ ಕೇಬಲ್ ಗೊತ್ತಲ್ಲ, ತಂತಿ ಸುತ್ತ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ನಮ್ಮ ನರಗಳಿಗೂ ಅಂಥ ಹೊದಿಕೆ ಇದೆ, ಹೆಸರು ಮಯಲಿನ್. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಸೈನ್ಯವೇ ತಪ್ಪಿ ಆ ಹೊದಿಕೆಯನ್ನು ಕಿತ್ತರೆ ಅದು ಎಂಎಸ್. ಎನ್‌ಎಂಒದಲ್ಲಿ ಸೈನ್ಯದ ಗುರಿ ಬೇರೆ. ನರಕ್ಕೆ ಆಸರೆಯಾಗಿರುವ ಜೀವಕೋಶಗಳ ಮೇಲೆ ನೀರು ಹಾಯುವ ಬಾಗಿಲುಗಳಿವೆ, ಏಟು ಬೀಳುವುದು ಅವಕ್ಕೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಜೊತೆಗಾರರು ರಕ್ತದಲ್ಲೇ ಇದನ್ನು ಬೇರೆ ಮಾಡಿ ತೋರಿಸುವ ಪ್ರತಿಕಾಯ ಕಂಡುಹಿಡಿದರು. ಇದು ಪಂಡಿತರ ಚರ್ಚೆ ಮಾತ್ರ ಅಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾದಂಥ ಔಷಧಿಯನ್ನು ಎನ್‌ಎಂಒ ಇದ್ದವರಿಗೆ ಕೊಟ್ಟರೆ ಕಾಯಿಲೆ ಕೆರಳಬಹುದು. ಅಂದರೆ ಹೆಸರು ತಪ್ಪಾದರೆ ಮದ್ದೇ ವಿಷ.

‘ಇದೆಲ್ಲ ಬಿಳಿಯರ ರೋಗ, ಹಳ್ಳಿಗೆ ಬರಲ್ಲ’ ಅನ್ನುವವರಿದ್ದಾರೆ. 1980ರ ದಶಕದಲ್ಲಿ ನಮ್ಮ ದೇಶದಲ್ಲಿ ಎಂಎಸ್ ಲಕ್ಷಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಅಂತ ಅಂದಾಜಿತ್ತು. ಅದು ಆಸ್ಪತ್ರೆಗೆ ಬಂದವರ ಲೆಕ್ಕ. ಬರದವರು ಲೆಕ್ಕಕ್ಕೇ ಇಲ್ಲ. ಆಮೇಲೆ ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದ ಡಾ. ಲೇಖಾ ಪಂಡಿತ್ ಮತ್ತು ತಂಡದವರು ಮಂಗಳೂರು ನಗರದಲ್ಲಿ ಎಣಿಸಿದರು. ಲಕ್ಷಕ್ಕೆ ಸುಮಾರು 8 ಜನ ಎಂಎಸ್, 2.6 ಜನ ಎನ್‌ಎಂಒ. ಇದೇ ಪ್ರಮಾಣ ಹಿಡಿದರೆ ಎರಡು ಲಕ್ಷ ಜನರಿರುವ ತಾಲ್ಲೂಕಿಗೆ ಇಪ್ಪತ್ತು ಮಂದಿ ಆಗುತ್ತಾರೆ. ನಿಮ್ಮ ತಾಲ್ಲೂಕಲ್ಲಿ ಎಷ್ಟು ಜನರ ಹೆಸರು ಗೊತ್ತು? ರೋಗ ಇಲ್ಲ ಅಂತಲ್ಲ, ಎಣಿಸಿಲ್ಲ ಅಂತ.

ಈಗ ನಮ್ಮ ವೃತ್ತಿಯ ಪಾಪಕ್ಕೆ ಬರುತ್ತೇನೆ.

ಈ ಕಾಯಿಲೆಗಳ ಗುಣವೇ ಬಂದು ಹೋಗುವುದು. ದಾಳಿ ಆಗುತ್ತದೆ, ಕೆಲವು ವಾರದಲ್ಲಿ ತಾನಾಗಿಯೇ ಎಷ್ಟೋ ಇಳಿಯುತ್ತದೆ. ಆ ಹೊತ್ತಿಗೆ ಯಾರು ಪಕ್ಕದಲ್ಲಿದ್ದರೋ ಅವರಿಗೇ ಹೆಸರು. ತಾಯಿತ ಕಟ್ಟಿದ್ದರೆ ತಾಯಿತಕ್ಕೆ, ಎಣ್ಣೆ ತಿಕ್ಕಿದ್ದರೆ ಎಣ್ಣೆಗೆ. ನಾವು ಮೈಕ್ ಹಿಡಿದು ‘ನಾಟಿ ಮದ್ದಿಗೆ ಎದ್ದು ನಡೆದ ಮಹಿಳೆ’ ಅಂತ ವಿಡಿಯೊ ಮಾಡುತ್ತೇವೆ. ಮುಂದಿನ ದಾಳಿ ಬಂದು ಅದೇ ಮಹಿಳೆ ಹಾಸಿಗೆ ಹಿಡಿದಾಗ ನಾವು ಅಲ್ಲಿರುವುದಿಲ್ಲ. ಆ ವಿಡಿಯೊ ಮಾತ್ರ ವಾಟ್ಸಾಪಲ್ಲಿ ಓಡುತ್ತಲೇ ಇರುತ್ತದೆ.

ಇದು ಹಳ್ಳಿಯವರ ಮೌಢ್ಯ ಅಂತ ನಗಬೇಡಿ. 2009ರಲ್ಲಿ ಇಟಲಿಯ ವೈದ್ಯ ಪಾವೊಲೊ ಜಂಬೋನಿ, ಕುತ್ತಿಗೆಯ ರಕ್ತನಾಳ ಕಿರಿದಾಗುವುದೇ ಎಂಎಸ್‌ಗೆ ಕಾರಣ, ಬಲೂನ್ ಹಾಕಿ ಹಿಗ್ಗಿಸಿದರೆ ಗುಣ ಅಂದರು. ಕೆನಡಾದ ಮಾಧ್ಯಮ ಅದನ್ನು ಪವಾಡದಂತೆ ಹೊತ್ತು ಮೆರೆಸಿತು. ಅನೇಕ ರೋಗಿಗಳು ಸಾಲ ಸೋಲ ಮಾಡಿ ಬೇರೆ ದೇಶಗಳಿಗೆ ಹೋಗಿ ಮಾಡಿಸಿಕೊಂಡರು. ಆಮೇಲೆ ಅದೇ ಜಂಬೋನಿ ಸರಿಯಾದ ಪರೀಕ್ಷೆ ನಡೆಸಿದರು. ಕೆಲವರಿಗೆ ನಿಜವಾದ ಬಲೂನ್, ಕೆಲವರಿಗೆ ಹಾಕಿದ ಹಾಗೆ ನಾಟಕ. 2017ರಲ್ಲಿ ಫಲಿತಾಂಶ ಬಂತು: ಉಪಯೋಗ ಇಲ್ಲ. ಅದನ್ನೂ ಅವರೇ ಪ್ರಕಟಿಸಿದರು. ಸಂಶೋಧನೆ ಅಂದರೆ ಇದು, ತನ್ನ ಮಾತನ್ನೇ ತಾನು ತೂಗಿ ನೋಡುವುದು. ತಾಯಿತ ಕಟ್ಟುವವನು ಹಾಗೆ ತೂಗಲ್ಲ. ‘ಸ್ಟೆಮ್ ಸೆಲ್ ಹಾಕಿ ನರ ಸರಿ ಮಾಡುತ್ತೇವೆ’ ಅಂತ ಫೇಸ್‌ಬುಕ್ಕಲ್ಲಿ ಜಾಹೀರಾತು ಕೊಡುವವನೂ ತೂಗಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಸ್ಟೆಮ್ ಸೆಲ್ ಏನಿದ್ದರೂ ಪ್ರಯೋಗ. ಪ್ರಯೋಗಕ್ಕೆ ರೋಗಿಯಿಂದ ಲಕ್ಷಗಟ್ಟಲೆ ಕೀಳುವ ಹಾಗಿಲ್ಲ. ಹೊಲ ಮಾರುವ ಮೊದಲು ಇದು ನೆನಪಿರಲಿ.

ಶಾಪ, ದೋಷ ಅನ್ನುವವರಿಗೂ ಒಂದು ಮಾತು. 2022ರಲ್ಲಿ ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಜಾಲಾಡಿದರು. ಎಪ್‌ಸ್ಟೈನ್ ಬಾರ್ ಅನ್ನೋ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಅಪಾಯ 32 ಪಟ್ಟು ಏರಿತ್ತು. ಈ ವೈರಸ್ ಲೋಕದಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ತಗುಲುತ್ತದೆ, ಎಂಎಸ್ ಬರುವುದು ತೀರಾ ಕೆಲವರಿಗೆ. ಇದರಲ್ಲಿ ಸೊಸೆಯ ಕಾಲ್ಗುಣ ಎಲ್ಲಿ ಬಂತು?

‘ಪಿಎಚ್‌ಸಿಯಲ್ಲಿ ಹಾವು ಕಚ್ಚಿದರೆ ಇಂಜೆಕ್ಷನ್ ಇರಲ್ಲ, ನೀನು ಎಂಆರ್‌ಐ ಕೇಳ್ತೀಯಲ್ಲ’ ಅಂತ ಒಬ್ಬ ವೈದ್ಯಾಧಿಕಾರಿ ನನಗೆ ಅಂದಿದ್ದರು. ನ್ಯಾಯವಾದ ಮಾತೇ. ಆದರೆ ನಾನು ಎಂಆರ್‌ಐ ಕೇಳುತ್ತಿಲ್ಲ. ಒಂದು ಚೀಟಿ ಕೇಳುತ್ತಿದ್ದೇನೆ.

ಒಂದು, ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದೆ. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವು ಅದರ ಮುಖ್ಯ ಪಟ್ಟಿ. ಒಳ್ಳೆಯದೇ. ಆ ಪಟ್ಟಿಗೆ ಐದನೇ ಸಾಲು ಸೇರಿಸಿ. ನೋವಿನ ಜೊತೆ ಒಂದು ಕಣ್ಣು ಮಂಜಾದರೆ, ಕಾಲಿಂದ ಮೇಲಕ್ಕೆ ಜೋಮು ಏರಿ ಮೂತ್ರ ಕಟ್ಟಿದರೆ, ದಿನಗಟ್ಟಲೆ ಬಿಕ್ಕಳಿಕೆ ಬಿಡದಿದ್ದರೆ ಅಂಥವರನ್ನು ತಕ್ಷಣ ನರರೋಗ ತಜ್ಞರಿಗೆ ಕಳಿಸಬೇಕು. ಆಶಾ ಕಾರ್ಯಕರ್ತೆಗೂ ಈ ಮೂರು ಗುರುತು ಹೇಳಿಕೊಡಿ. ದಾಳಿ ಆದಾಗ ಬೇಗ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ, ಅದಕ್ಕೂ ಬಗ್ಗದಿದ್ದರೆ ಪ್ಲಾಸ್ಮಾ ಬದಲಿಸಿದರೆ, ಕಣ್ಣು ಕಾಲು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ತಡ ಆದಷ್ಟೂ ಆ ಅವಕಾಶ ಕಮ್ಮಿ.

ಎರಡು, ಔಷಧಿ. ಎನ್‌ಎಂಒಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಕುಲಿಜುಮಾಬ್‌ಗೆ ಅಲ್ಲಿ ವರ್ಷಕ್ಕೆ ಲಕ್ಷಾಂತರ ಡಾಲರ್. ಅದು ನಮ್ಮ ಕನಸಲ್ಲೂ ಬೇಡ. ಆದರೆ ರಿಟುಕ್ಸಿಮಾಬ್ ಇದೆ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಅದರ ದೇಶಿ ಆವೃತ್ತಿ ತಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅದನ್ನು ಎಂಎಸ್‌ಗಾಗಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಎನ್‌ಎಂಒಗೂ ವೈದ್ಯರು ಅದನ್ನೇ, ಇಲ್ಲವೇ ಹಳೆಯ ಅಜಾಥಯೋಪ್ರಿನ್ ಮಾತ್ರೆಯನ್ನು ಬಳಸುತ್ತಾರೆ. ಇವು ಜಿಲ್ಲಾ ಆಸ್ಪತ್ರೆಯಲ್ಲೇ ಸಿಗಬೇಕು. ಮಾತ್ರೆಗಾಗಿ ಕೂಲಿ ಬಿಟ್ಟು ಬಸ್ಸು ಹತ್ತುವವರು ಒಂದಲ್ಲ ಒಂದು ತಿಂಗಳು ಮಾತ್ರೆ ಬಿಡುತ್ತಾರೆ, ಬಿಟ್ಟ ತಿಂಗಳೇ ದಾಳಿ ಬರಬಹುದು.

ಮೂರು, ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದೇ ಇದೆ. ‘ದೀರ್ಘಕಾಲದ ನರರೋಗಗಳು’ ಅನ್ನೋ ಅದೇ ತಲೆಬರಹದಡಿ ಎನ್‌ಎಂಒ ಇದ್ದವರೂ ಕೇಳಬಹುದು. ‘ಕೈಕಾಲು ನೆಟ್ಟಗಿದೆಯಲ್ಲಮ್ಮ’ ಅಂತ ವಾಪಸ್ ಕಳಿಸಿದರೆ ಕಾಯ್ದೆಯ ಹೆಸರು ಹೇಳಿ, ಬರವಣಿಗೆಯಲ್ಲಿ ಉತ್ತರ ಕೇಳಿ.

ನಾಲ್ಕು, ನಾವು, ಸ್ಟ್ರಿಂಗರ್‌ಗಳು. ಕಾಲಂ ಇಂಚಿಗೆ ಇಷ್ಟು ಅಂತ ದುಡ್ಡು ಸಿಗುವ ನಮಗೆ ‘ವಿಚಿತ್ರ’ ಅಂದರೆ ಡೆಸ್ಕಲ್ಲಿ ಬೇಗ ಪಾಸಾಗುತ್ತದೆ, ಗೊತ್ತು. ಆದರೆ ಆ ಪದ ಬರೆದ ಕೂಡಲೇ ಆಸ್ಪತ್ರೆ ಬಚಾವ್, ಇಲಾಖೆ ಬಚಾವ್, ವಿಚಿತ್ರಕ್ಕೆ ಯಾರು ಹೊಣೆ? ಹೆಸರು ಬರೆದರೆ ಪ್ರಶ್ನೆ ಹುಟ್ಟುತ್ತದೆ: ಪರೀಕ್ಷೆ ಯಾಕೆ ಆಗಲಿಲ್ಲ, ಔಷಧಿ ಯಾಕಿಲ್ಲ? ಇನ್ನು ಮೇಲೆ ಇಂಥ ಮನೆಗೆ ಹೋದರೆ ಫೋಟೊ ತೆಗೆಯುವ ಮೊದಲು ಕೇಳೋಣ: ನರರೋಗ ತಜ್ಞರು ನೋಡಿದ್ದಾರಾ? ಇಲ್ಲ ಅಂದರೆ ಅದೇ ಸುದ್ದಿ.

ನನ್ನ ಹಳೇ ಸುದ್ದಿಗೆ ಇದು ತಿದ್ದುಪಡಿ. ಆಕೆ ಈಗ ಒಂದು ಕಣ್ಣಲ್ಲಿ ನೋಡುತ್ತಾಳೆ, ಕೋಲು ಹಿಡಿದು ನಡೆಯುತ್ತಾಳೆ, ದಿನವೂ ಮಾತ್ರೆ ನುಂಗುತ್ತಾಳೆ. ಮೂರು ವರ್ಷದಿಂದ ಹೊಸ ದಾಳಿ ಆಗಿಲ್ಲ. ಹೋದ ಸಲ ಹೋದಾಗ ಆ ಕಟಿಂಗ್ ಇನ್ನೂ ಇಟ್ಟಿದ್ದೀರಾ ಅಂತ ಕೇಳಿದೆ. ಇಟ್ಟಿದ್ದಳು. ಅದರ ಮೇಲೆ ಮಗಳ ಕೈಲಿ ಪೆನ್ನಲ್ಲಿ ಕಾಯಿಲೆಯ ಹೆಸರು ಬರೆಸಿದ್ದಳು.