ಆರೋಗ್ಯ ವಿಚಾರ: ದಪ್ಪವಾದುದೆಲ್ಲ ಗಟ್ಟಿಯಲ್ಲ

ಮೂಳೆಯೆಂದರೆ ಗೋಡೆಗಿಟ್ಟ ಕಲ್ಲು, ಒಮ್ಮೆ ಇಟ್ಟರೆ ಮುಗಿಯಿತು ಎಂದು ನಾವೆಲ್ಲ ತಿಳಿದಿರುವುದುಂಟು. ಹಾಗಲ್ಲ, ಅದು ಜೀವವುಳ್ಳದ್ದು. ಹಳೆಯ ಮೂಳೆಯನ್ನು ಕರಗಿಸುವ ಜೀವಕಣಗಳು ಕೆಲವು, ಹೊಸದನ್ನು ಕಟ್ಟುವವು ಕೆಲವು. ಇವುಗಳ ಜಮಾ-ಖರ್ಚು ಸರಿದೂಗುವವರೆಗೆ ನಮಗೆ ಚಿಂತೆಯಿಲ್ಲ.

ಈ ಲೆಕ್ಕ ತಪ್ಪುವ ಒಂದು ರೋಗವನ್ನು 1877ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ ವಿವರಿಸಿದರು. ಅವರ ರೋಗಿಯೊಬ್ಬನ ತಲೆ ಬೆಳೆಯುತ್ತ ಹೋಗಿ, ಬರಬರುತ್ತ ದೊಡ್ಡ ದೊಡ್ಡ ಟೋಪಿ ಬೇಕಾಯಿತು. ನಮ್ಮ ಹಿರಿಯರ ರುಮಾಲಾಗಿದ್ದರೆ ಈ ಗುಟ್ಟು ಹೊರಬೀಳುತ್ತಲೇ ಇರಲಿಲ್ಲ!

ಪ್ಯಾಜೆಟ್ ರೋಗದಲ್ಲಿ ಕರಗಿಸುವ ಕಣಗಳು ಮಿತಿಮೀರಿ ದುಡಿಯುತ್ತವೆ. ಕಟ್ಟುವವು ಅವಸರದಿಂದ ಅಡ್ಡಾದಿಡ್ಡಿಯಾಗಿ ಕಟ್ಟುತ್ತವೆ. ಮೂಳೆ ದಪ್ಪವಾಗುತ್ತದೆ, ಆದರೆ ಬಲವಿರುವುದಿಲ್ಲ. ಮೈಭಾರ ಹೊರುವ ಕಾಲು ಬಿಲ್ಲಿನಂತೆ ಬಾಗಬಹುದು, ಅಲ್ಪ ಪೆಟ್ಟಿಗೂ ಮುರಿಯಬಹುದು. ತಲೆಬುರುಡೆಗೆ ಬಂದರೆ ಕಿವಿ ಮಂದವಾಗಬಹುದು. ಬೆನ್ನುಮೂಳೆಗೆ ಬಂದರೆ ನರಗಳು ಒತ್ತಿಹೋಗಬಹುದು. ಇದು ಅಂಟುರೋಗವಲ್ಲ. ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುತ್ತದೆ. ಅನೇಕರಿಗೆ ನೋವೇ ಇರುವುದಿಲ್ಲ.

ಇಂಗ್ಲೆಂಡಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಇದು ವಿರಳ. ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಮಣಲಿಯಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರೇ ಇಂಥ ರೋಗಿಗಳನ್ನು ಕಂಡು ಬರೆದಿದ್ದಾರೆ.

ಪತ್ತೆಗೆ ಎಕ್ಸ್‌ರೇ ಚಿತ್ರವೂ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಷ್ಟಿದೆಯೆಂಬ ಪರೀಕ್ಷೆಯೂ ಮೊದಲ ಮೆಟ್ಟಿಲು. ಜೊಲೆಡ್ರೋನಿಕ್ ಆಮ್ಲವನ್ನು ಒಮ್ಮೆ ನರದ ಮೂಲಕ ಕೊಟ್ಟರೆ ಹಲವರಲ್ಲಿ ವರ್ಷಗಟ್ಟಲೆ ರೋಗ ಹತೋಟಿಯಲ್ಲಿರುತ್ತದೆ. ಆದರೆ ಬಾಗಿದ ಮೂಳೆಯನ್ನೂ ಹೋದ ಕಿವಿಯನ್ನೂ ಔಷಧವು ಮೊದಲಿನಂತೆ ಮಾಡಲಾರದು. ಆದ್ದರಿಂದ ಹೊತ್ತಿಗೆ ಮುಂಚೆ ತಿಳಿಯುವುದೇ ಮುಖ್ಯ.

ಇಲ್ಲಿಯೇ ನಮ್ಮಂಥ ವಲಸೆಯ ಮನೆಗಳ ಜವಾಬ್ದಾರಿ ಹೆಚ್ಚಿನದು. ಊರು ಬಿಟ್ಟು ಮಕ್ಕಳ ಬಳಿಗೆ ಬಂದ ತಾಯಿತಂದೆಯರಿಗೆ ತಮಿಳು ಬಾರದು. ಡಾಕ್ಟರರ ಮುಂದೆ ಸುಮ್ಮನಿರುತ್ತಾರೆ. ನಾವೂ 'ವಯಸ್ಸಾಯಿತು, ವಾತ' ಎಂದು ಎಣ್ಣೆ ತಿಕ್ಕಿ ಕೈ ತೊಳೆದುಕೊಳ್ಳುತ್ತೇವೆ. ಎಲ್ಲ ನೋವೂ ಪ್ಯಾಜೆಟ್ ರೋಗವಲ್ಲ, ನಿಜ. ಆದರೂ ರಾತ್ರಿ ಮಲಗಿದಾಗಲೂ ಬಿಡದ ಮೂಳೆನೋವು, ಬಾಗುತ್ತಿರುವ ಕಾಲು, ಮಂದವಾಗುತ್ತಿರುವ ಕಿವಿ ಕಂಡರೆ ಜೊತೆಗೆ ಹೋಗಿ, ಅವರ ಮಾತನ್ನು ಡಾಕ್ಟರರಿಗೆ ಪೂರ್ತಿಯಾಗಿ ತಿಳಿಸಬೇಕು. ಅವರು ನಮ್ಮನ್ನು ಹೊತ್ತು ನಡೆದ ಕಾಲುಗಳಲ್ಲವೇ ಅವು?