ದಯೆಯೂ ಪ್ರಮಾಣವೂ

ಮೂಕಪ್ರಾಣಿಯ ಸಂಕಟವನ್ನು ಕಂಡು ಮರುಗದವನ ಹೃದಯವು ಕಲ್ಲೇ ಸರಿ. ಆದರೆ ನಾವು ಮರುಗಿದ ಮಾತ್ರಕ್ಕೆ ನಮ್ಮನ್ನು ಮರುಗಿಸಿದ ಕಥೆಯು ನಿಜವಾಗುವುದಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಬೇಕಾದ ಕಾಲವು ಈಗ ಬಂದಿರುತ್ತದೆ. ಬೆಳಗಾದರೆ ಕೈಯಲ್ಲಿರುವ ಫೋನಿಗೆ ವಾಟ್ಸಾಪಿನ ಮೂಲಕವೋ ಫೇಸ್‌ಬುಕ್ಕಿನ ಮೂಲಕವೋ ಒಂದು ಘೋರವಾದ ಚಿತ್ರವು ಬರುತ್ತದೆ. ಅದರಡಿಯಲ್ಲಿ ನಾಲ್ಕು ಸಾಲು ಬರಹ. ಕಡೆಯಲ್ಲಿ, ಕರುಣೆಯುಳ್ಳವರು ಇದನ್ನು ಎಲ್ಲರಿಗೂ ಕಳುಹಿಸತಕ್ಕದ್ದೆಂಬ ಅಪ್ಪಣೆ. ಅದು ಯಾವ ಊರಿನ ಚಿತ್ರ, ಯಾವ ವರ್ಷದ್ದು, ತೆಗೆದವರಾರು ಎಂಬುದಾವುದೂ ಅದರಲ್ಲಿರುವುದಿಲ್ಲ. ತಾರೀಖಾಗಲಿ ರುಜುವಾಗಲಿ ಇಲ್ಲದ ಅರ್ಜಿಯನ್ನು ಕಚೇರಿಯಲ್ಲಿ ಹಿಂದಕ್ಕೆ ಕಳುಹಿಸುವ ಮಹನೀಯರೇ, ಎರಡೂ ಇಲ್ಲದ ಈ ದೂರನ್ನು ಮಾತ್ರ ಕ್ಷಣಮಾತ್ರದಲ್ಲಿ ಮುಂದಕ್ಕೆ ಕಳುಹಿಸಿಬಿಡುತ್ತಾರೆ. ಇದು ದಯೆಯೋ, ದಯೆಯ ಹೆಸರಿನ ಆತುರವೋ ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

2020ನೆಯ ಇಸವಿಯಲ್ಲಿ ಕೇರಳದಲ್ಲಿ ನಡೆದ ಸಂಗತಿಯನ್ನು ವಾಚಕರು ಮರೆತಿರಲಾರರು. ಆ ವರ್ಷದ ಮೇ 27ರಂದು ಗರ್ಭಿಣಿಯಾದ ಕಾಡಾನೆಯೊಂದು, ಬಾಯೊಳಗೆ ಸ್ಫೋಟದ ಗಾಯವಾಗಿ, ವೆಳ್ಳಿಯಾರ್ ಹೊಳೆಯ ನೀರಿನಲ್ಲಿ ಪ್ರಾಣವನ್ನು ಬಿಟ್ಟಿತು. ಕೆಲವು ದಿನಗಳ ತರುವಾಯ ಈ ಸುದ್ದಿಯು ದೇಶವನ್ನೆಲ್ಲ ಕಲಕಿತು. ಆಹಾರವನ್ನರಸಿ ಬಂದ ಆನೆಗೆ ಜನರು ಬೇಕೆಂದೇ ಪಟಾಕಿ ತುಂಬಿದ ಅನಾನಸು ಹಣ್ಣನ್ನು ತಿನ್ನಿಸಿದರೆಂದೂ, ಇದು ಮಲಪ್ಪುರಂ ಜಿಲ್ಲೆಯಲ್ಲಿ ನಡೆಯಿತೆಂದೂ ಎಲ್ಲೆಲ್ಲಿಯೂ ಹಬ್ಬಿತು. ಆನೆಯು ಸತ್ತದ್ದು ನಿಜ, ಅದು ಗರ್ಭ ಧರಿಸಿದ್ದುದು ನಿಜ, ಗಾಯವೂ ನಿಜ. ಆ ಗಾಯದ ದೆಸೆಯಿಂದ ಎರಡು ವಾರಗಳಷ್ಟು ಕಾಲ ತಿನ್ನಲಾರದೆ ಕುಡಿಯಲಾರದೆ ಬಳಲಿ, ಕಡೆಗೆ ನೀರಿನಲ್ಲಿ ಕುಸಿದು, ಶ್ವಾಸಕೋಶಕ್ಕೆ ನೀರು ಸೇರಿ ಅದು ಸತ್ತಿತೆಂದು ಶವಪರೀಕ್ಷೆಯಿಂದ ತಿಳಿದುಬಂದಿತು. ಆದರೆ ಸ್ಥಳವು ಮಲಪ್ಪುರಂ ಅಲ್ಲ, ಪಾಲಕ್ಕಾಡ್ ಜಿಲ್ಲೆಯ ಮಣ್ಣಾರ್ಕಾಡು ಅರಣ್ಯ ವಿಭಾಗ. ಜೂನ್ ಮೊದಲ ವಾರದಲ್ಲಿ ರಬ್ಬರು ತೋಟದ ಕೆಲಸಗಾರನೊಬ್ಬನನ್ನು ಹಿಡಿದ ಅಧಿಕಾರಿಗಳು, ಆನೆಯು ತಿಂದದ್ದು ಅನಾನಸಲ್ಲ, ಕಾಡುಹಂದಿಯೇ ಮೊದಲಾದುವಕ್ಕಾಗಿ ಸ್ಫೋಟಕವನ್ನು ತುಂಬಿಟ್ಟ ತೆಂಗಿನಕಾಯಿ ಎಂದು ಹೇಳಿದರು. ಆನೆಯು ಅಂಥ ಕಾಯನ್ನು ಅಕಸ್ಮಾತ್ತಾಗಿ ತಿಂದಿರಬಹುದೆಂದು ಕೇಂದ್ರದ ಪರಿಸರ ಸಚಿವಾಲಯವೂ ತಿಳಿಸಿತು.

ಇಷ್ಟೇ ವ್ಯತ್ಯಾಸವಷ್ಟೆ, ಆನೆಯಂತೂ ಸತ್ತಿತಲ್ಲ ಎಂದು ಕೆಲವರು ಹೇಳಬಹುದು. ವ್ಯತ್ಯಾಸವು ಅಲ್ಪವಲ್ಲ. ಮಲಪ್ಪುರಂ ಮುಸಲ್ಮಾನರು ಬಹುಸಂಖ್ಯಾತರಾಗಿರುವ ಜಿಲ್ಲೆ. ಸ್ಥಳದ ಹೆಸರು ತಪ್ಪಿದ ಮಾತ್ರದಿಂದ ಒಂದು ಪ್ರಾಣಿಯ ಮರಣವು ಒಂದು ಜನಾಂಗದ ಮೇಲಣ ಅಪವಾದವಾಗಿ ಪರಿಣಮಿಸಿತು. ಕೇಂದ್ರದ ಮಾಜಿ ಮಂತ್ರಿಗಳೊಬ್ಬರೇ ಆ ಜಿಲ್ಲೆಯನ್ನು ದೂಷಿಸಿ ಮಾತನಾಡಿ, ಅದರ ಮೇಲೆ ಅಲ್ಲಿಯ ಪೋಲೀಸರು ಮೊಕದ್ದಮೆಯನ್ನು ದಾಖಲುಮಾಡುವವರೆಗೆ ಸಂಗತಿಯು ಬೆಳೆಯಿತು. ಲಕ್ಷಾಂತರ ಜನರನ್ನು ಅವರು ಕಾಣದ ಹೊಳೆಯಲ್ಲಿ ನಡೆದ ಸಾವಿಗೆ ಹೊಣೆಮಾಡುವುದು ಯಾವ ಧರ್ಮ? ಇದಕ್ಕಿಂತಲೂ ಸೂಕ್ಷ್ಮವಾದ ಹಾನಿಯು ಇನ್ನೊಂದಿದೆ. ರೋಗವನ್ನು ತಪ್ಪಾಗಿ ಹೇಳಿದರೆ ಮದ್ದೂ ತಪ್ಪುವುದು. ಕ್ರೂರರಾದ ಕೆಲವರ ವಿನೋದವೇ ಕಾರಣವೆಂದಾದರೆ, ಅವರನ್ನು ಶಪಿಸುವಲ್ಲಿಗೆ ನಮ್ಮ ಕೆಲಸವು ಮುಗಿಯಿತು. ಕಾಡಂಚಿನ ಹೊಲಗಳಲ್ಲಿ ಹಂದಿಗೆಂದು ಸಿಡಿಮದ್ದಿಡುವ ರೂಢಿಯೇ ಕಾರಣವೆಂದು ತಿಳಿದರೆ, ಮದ್ದು ಎಲ್ಲಿಂದ ಬರುತ್ತದೆ, ಬೆಳೆಯನ್ನು ಕಾಯುವ ಬೇರೆ ಮಾರ್ಗವೇನು, ಅರಣ್ಯ ಇಲಾಖೆಯ ಗಸ್ತು ಎಲ್ಲಿ ಸಾಲದಾಗಿದೆ ಎಂಬ ಪ್ರಶ್ನೆಗಳು ಏಳುತ್ತವೆ. ಮುಂದಿನ ಆನೆಯನ್ನು ಉಳಿಸತಕ್ಕವು ಈ ಪ್ರಶ್ನೆಗಳೇ.

ಹಾಗಾದರೆ ಇಂಥ ಸುದ್ದಿಗಳನ್ನೆಲ್ಲ ಸುಳ್ಳೆಂದು ತಳ್ಳಿಹಾಕಬೇಕೆ? ಅದು ಇನ್ನೂ ದೊಡ್ಡ ಅನ್ಯಾಯ. 2021ರ ಜನವರಿಯಲ್ಲಿ, ನಮ್ಮ ಬಂಡೀಪುರದಿಂದ ಗಡಿ ದಾಟಿದರೆ ಸಿಕ್ಕುವ ನೀಲಗಿರಿಯ ಮಸಿನಗುಡಿಯಲ್ಲಿ, ಉರಿಯುವ ವಸ್ತುವನ್ನು ಆನೆಯ ಮೇಲೆಸೆದ ಚಲಚ್ಚಿತ್ರವೊಂದು ಹೊರಬಿದ್ದಿತು. ನೋಡಿದವರು ಮನುಷ್ಯನು ಹೀಗೆ ಮಾಡಿಯಾನೆ ಎಂದು ನಂಬದಾದರು. ಆದರೆ ಆನೆಯು ಸುಟ್ಟ ಗಾಯಗಳಿಂದ ಸತ್ತಿತ್ತು, ಇಬ್ಬರನ್ನು ಬಂಧಿಸಲಾಯಿತು. ಇಂಡೋನೇಷಿಯಾದಲ್ಲಿ ಕೋತಿಮರಿಗಳನ್ನು ಹಿಂಸಿಸಿ ಚಿತ್ರ ತೆಗೆದು, ಪರದೇಶಗಳ ಗಿರಾಕಿಗಳಿಗೆ ಹಣಕ್ಕೆ ಮಾರುವ ಜಾಲವೊಂದನ್ನು ಬಿಬಿಸಿಯವರು 2023ರಲ್ಲಿ ಬಯಲಿಗೆಳೆದರು. ಅದೂ ನಂಬಲಾಗದಂಥದೇ, ಅದೂ ನಿಜವೇ.

ಇದಕ್ಕೆ ಪ್ರತಿಯಾಗಿ, 2000ದ ಕೊನೆಯಲ್ಲಿ ಅಮೇರಿಕದಲ್ಲಿ, ಬೆಕ್ಕಿನ ಮರಿಗಳನ್ನು ಗಾಜಿನ ಸೀಸೆಯೊಳಗೆ ಬೆಳೆಸಿ ಸೀಸೆಯ ಆಕಾರಕ್ಕೆ ತರುವ ಕಲೆಯೆಂದು ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ಪ್ರಕಟಿಸಿದರು. ಜಗತ್ತಿನ ಪ್ರಾಣಿಪ್ರಿಯರೆಲ್ಲ ಕೆರಳಿದರು. ಆ ದೇಶದ ಎಫ್‌ಬಿಐ ಸಂಸ್ಥೆಯೇ ವಿಚಾರಣೆ ನಡೆಸಿತು. ಸೀಸೆಯೊಳಗೆ ಬೆಳೆದ ಬೆಕ್ಕು ಒಂದೂ ಇರಲಿಲ್ಲ, ಎಲ್ಲವೂ ಕುಚೇಷ್ಟೆ. ಹಾಗಿದ್ದೂ ಅದನ್ನು ಖಂಡಿಸುವ ಮನವಿಪತ್ರಗಳು ವರ್ಷಗಟ್ಟಲೆ ಸುತ್ತುತ್ತಿದ್ದುವು.

ಇವೆರಡರ ನಡುವೆ ಮೂರನೆಯದೊಂದು ಬಗೆಯಿದೆ. ಹಾವಿನ ಹಿಡಿತದಿಂದ ನಾಯಿಮರಿಯನ್ನು ಬಿಡಿಸಿದ ಪುಣ್ಯಾತ್ಮನ ಚಿತ್ರವೆಂದು ನಾವು ಕಣ್ಣೀರು ಸುರಿಸುತ್ತೇವೆ. ಆದರೆ ಅಂಥವುಗಳಲ್ಲಿ ಎಷ್ಟೋ ಚಿತ್ರಗಳಿಗಾಗಿ ಮರಿಯನ್ನು ಹಾವಿನ ಬಾಯಿಗೆ ಒಡ್ಡಿದವನೂ ಆ ಪುಣ್ಯಾತ್ಮನೇ ಆಗಿರುತ್ತಾನೆ. ಇಂಥ ಕಪಟ ರಕ್ಷಣೆಯ ಚಿತ್ರಗಳನ್ನು ನಿಷೇಧಿಸುವುದಾಗಿ ಯೂಟ್ಯೂಬ್ ಸಂಸ್ಥೆಯು 2021ರಲ್ಲಿ ಸಾರಬೇಕಾಯಿತು. ಇಲ್ಲಿ ಕಥೆ ಸುಳ್ಳು, ಹಿಂಸೆ ಮಾತ್ರ ನಿಜ. ನೋಟಕ್ಕೆ ಇಷ್ಟೆಂದು ಹಣ ಹುಟ್ಟುವುದರಿಂದ, ನೋಡಿ ಹಂಚಿದ ನಾವೇ ಆ ಹಿಂಸೆಗೆ ಪೋಷಕರು.

ಆದುದರಿಂದ ನಂಬಲು ಕಷ್ಟವಾಗಿರುವುದು ಸುಳ್ಳಿಗೆ ಗುರುತಲ್ಲ. ಕರುಳು ಹಿಂಡುವುದು ಸತ್ಯಕ್ಕೆ ಗುರುತಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದುಂಟು. ಕ್ಯಾಮರಾ ಇಲ್ಲದೆ ಕಂಪ್ಯೂಟರಿನಿಂದಲೇ ಚಿತ್ರವನ್ನು ಹುಟ್ಟಿಸಬಲ್ಲ ಈ ದಿವಸಗಳಲ್ಲಿ ಆ ಗಾದೆಯ ಬೆಲೆಯು ಇಮ್ಮಡಿಯಾಗಿದೆ. ಪ್ರಮಾಣಿಸುವ ಕ್ರಮವೂ ಕಷ್ಟದ್ದಲ್ಲ. ಎಲ್ಲಿ, ಎಂದು, ಯಾರು ಕಂಡರು ಎಂದು ಮೊದಲು ಕೇಳತಕ್ಕದ್ದು. ಚಿತ್ರದೊಳಗಣ ಅಂಗಡಿಯ ಹಲಗೆಯ ಭಾಷೆ, ವಾಹನದ ನಂಬರು, ಜನರ ಉಡುಪು ಇವು ಬರಹದೊಡನೆ ಹೊಂದುತ್ತವೆಯೆ ಎಂದು ನೋಡತಕ್ಕದ್ದು. ಗೂಗಲಿನಲ್ಲಿ ಚಿತ್ರವನ್ನೇ ಕೊಟ್ಟು ಹುಡುಕಿದರೆ, ನಿನ್ನೆಯದೆಂದು ಬಂದದ್ದು ಹಲವು ವರ್ಷಗಳ ಹಿಂದಿನ ಪರದೇಶದ ಚಿತ್ರವೆಂದು ಎಷ್ಟೋ ವೇಳೆ ತಿಳಿಯುವುದು. ಆ ಊರಿನ ಪತ್ರಿಕೆಯೂ ಪೋಲೀಸರೂ ಏನು ಹೇಳಿದ್ದಾರೆಂಬುದನ್ನು ವಿಚಾರಿಸತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ನಡೆದುದೇನು, ಹೇಗೆ ನಡೆಯಿತು, ಮಾಡಿದವರಾರು ಎಂಬ ಮೂರನ್ನು ಬೇರೆಬೇರೆಯಾಗಿ ತೂಗತಕ್ಕದ್ದು. ಮೊದಲನೆಯದಕ್ಕೆ ಸಾಕ್ಷ್ಯವಿದ್ದ ಮಾತ್ರಕ್ಕೆ ಮೂರನೆಯದಕ್ಕೂ ಇದೆಯೆಂದು ಭಾವಿಸಿದುದೇ ಕೇರಳದ ಪ್ರಕರಣದಲ್ಲಾದ ಅನರ್ಥಕ್ಕೆ ಮೂಲ.

ನಿಜವೆಂದು ತೋರಿದರೆ ಮಾಡತಕ್ಕದ್ದೇನು? ಹತ್ತು ಜನಕ್ಕೆ ಕಳುಹಿಸುವ ಬದಲು ಪೋಲೀಸು ಠಾಣೆಗೆ, ವನ್ಯಪ್ರಾಣಿಯಾದರೆ ಅರಣ್ಯ ಇಲಾಖೆಗೆ ತಿಳಿಸುವುದು. ಮೂಲ ಚಿತ್ರವನ್ನು ಕತ್ತರಿಸದೆ ಸಾಕ್ಷ್ಯಕ್ಕಾಗಿ ಕಾದಿಡುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಮೇರೆಗೆ, ಇತರರಿಗೆ ನಷ್ಟವಾಗುವಂತೆ ಪ್ರಾಣಿಯನ್ನು ಕೊಂದವನಿಗೂ ಅಂಗಹೀನ ಮಾಡಿದವನಿಗೂ 5 ವರ್ಷಗಳವರೆಗೆ ಸೆರೆಮನೆಯುಂಟು. ಆದರೆ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಮೊದಲನೆಯ ಅಪರಾಧಕ್ಕೆ ವಿಧಿಸಿದ ಜುಲ್ಮಾನೆಯು 10 ರೂಪಾಯಿಗಳಿಂದ 50 ರೂಪಾಯಿಗಳವರೆಗೆ ಮಾತ್ರ. ಹೃದಯ ಕರಗುವವರು ತಮ್ಮ ಕೋಪವನ್ನು ಈ 50 ರೂಪಾಯಿಗಳ ಕಡೆಗೆ ತಿರುಗಿಸಿ, ತಮ್ಮ ಪ್ರತಿನಿಧಿಗಳನ್ನು ಪ್ರಶ್ನಿಸಿದರೆ ಪ್ರಾಣಿಗಳಿಗೆ ನಿಜವಾದ ಉಪಕಾರವಾದೀತು.

ಪಂಚತಂತ್ರದ ಮುಂಗುಸಿಯ ಕಥೆಯು ನಮ್ಮ ವಾಚಕರಿಗೆ ತಿಳಿದುದೇ ಆಗಿದೆ. ಬಾಯಿಗೆ ಮೆತ್ತಿದ ರಕ್ತವನ್ನು ಕಂಡು, ತನ್ನ ಕೂಸನ್ನು ಕೊಂದಿತೆಂದು ಬಗೆದು, ಕೂಸನ್ನು ಹಾವಿನಿಂದ ಕಾಪಾಡಿದ ಪ್ರಾಣಿಯನ್ನೇ ಹೊಡೆದು ಕೊಂದದ್ದು ಕ್ರೌರ್ಯವಲ್ಲ, ಕೂಸಿನ ಮೇಲಣ ಮಮತೆ. ಒಳಗೆ ಹೋಗಿ ತೊಟ್ಟಿಲನ್ನು ನೋಡಿಬರುವಷ್ಟು ತಾಳ್ಮೆಯು ಆ ಮಮತೆಗಿರಲಿಲ್ಲ. ವಿದ್ಯಾವಂತರಾದ ಪುರಜನರೂ ಅಧಿಕಾರಿಗಳೂ ಮುಂದಿನ ಸಲ ಇಂಥ ಚಿತ್ರವು ಕೈಗೆ ಬಂದಾಗ, ಬೆರಳನ್ನು ಒಂದು ಗಳಿಗೆ ತಡೆದು, ತೊಟ್ಟಿಲನ್ನು ನೋಡಿಬರುವರೆಂದು ನಂಬುತ್ತೇವೆ.